ನಮ್ಮ ಬಡಾವಣೆ ಗುಂಪು: ಮೂರನೇ ಕ್ರಾಸ್ ಟಿಪ್ಪರ್ ವಿಚಾರ

ಗಿರಿಜಾ 3ನೇ ಕ್ರಾಸ್, ರಾತ್ರಿ 1:52
ಯಾರಾದ್ರೂ ಎದ್ದಿದ್ದೀರಾ? ಸಿ.ಎ. ಸೈಟಲ್ಲಿ (ಸಾರ್ವಜನಿಕರಿಗೆ ಅಂತ ಬಿಟ್ಟಿರೋ ಜಾಗ) ಮಣ್ಣು ಸುರಿದ ಟಿಪ್ಪರ್‌ನವನು ಮೇಲೆತ್ತಿದ ಬಾಡಿ ಇಳಿಸದೇ ಗಾಡಿ ಓಡಿಸಿ ನಮ್ಮ ಮನೆ ಮುಂದಿನ ವೈರ್ ಹರಿದುಕೊಂಡು ಹೋದ. ಕಿಡಿ ಹಾರಿತು, ಕ್ರಾಸ್ ಪೂರ್ತಿ ಕತ್ತಲು. ವೈರ್ ಗೇಟ್ ಮುಂದೇನೇ ಬಿದ್ದೈತೆ. ಯಾರೂ ಈ ಕಡೆ ಬರಬ್ಯಾಡ್ರಿ.

ಗಿರಿಜಾ 3ನೇ ಕ್ರಾಸ್, 1:55
ನನ್ನ ಮಗ ಡ್ಯೂಟಿ ಮುಗಿಸಿ ಬರೋ ಹೊತ್ತಿದು. ಫೋನ್ ಮಾಡಿ ಮೇನ್ ರೋಡಲ್ಲೇ ನಿಲ್ಲಿಸೀನಿ. ಫೋನ್ ಎತ್ತದೇ ಇದ್ದಿದ್ರೆ ಬೈಕ್ ಸೀದಾ ಆ ವೈರ್ ಮೇಲೆ ಬರೋದು. ಸಾಕಾಗೈತೆ ನನಗೆ. ಎಷ್ಟು ಸಲ ಹೇಳೋದು ಈ ಗುಂಪಲ್ಲಿ?

ಶಬಾನಾ 3ನೇ ಕ್ರಾಸ್, 1:57
ಅಕ್ಕಾ ನಾನು ಕರೆಂಟಿನವರ 1912ಕ್ಕೆ ಫೋನ್ ಮಾಡಿದೆ. ಲೈನ್ ಆಫ್ ಮಾಡಿಸ್ತೀವಿ ಅಂದ್ರು. ಅವರು ಬರೋವರೆಗೂ ಗೇಟ್ ಮುಟ್ಟಬೇಡಿ, ಕಬ್ಬಿಣದ್ದು.

ಗಿರಿಜಾ 3ನೇ ಕ್ರಾಸ್, 2:40
ಲೈನ್‌ಮ್ಯಾನ್ ಬಂದು ವೈರ್ ಸುತ್ತಿಟ್ಟು ಹೋದ್ರು. ಕರೆಂಟ್ ಬೆಳಿಗ್ಗೆ. ಮಗ ಹಿಂದಿನ ಮನೆಯವರ ಕಾಂಪೌಂಡ್ ಹಾರಿ ಒಳಗೆ ಬಂದ. ಟಿಪ್ಪರ್‌ನವನು ತಿರುಗಿ ಸಹ ನೋಡಲಿಲ್ಲ. ಬೆಳಿಗ್ಗೆ ಎಲ್ಲರೂ ಓದ್ರಿ. ಇವತ್ತು ಏನಾದ್ರೂ ಒಂದು ತೀರ್ಮಾನ ಆಗಲೇಬೇಕು.

ಶಶಿಕಲಾ ಪಾರ್ಕ್ ಎದುರು, ಬೆಳಿಗ್ಗೆ 5:48
(ಫಾರ್ವರ್ಡ್) ಶುಭೋದಯ. ರಾತ್ರಿ ಬೆಂಡೆಕಾಯಿ ನೆನೆಸಿದ ನೀರನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ. ಹತ್ತು ಜನಕ್ಕೆ ಕಳಿಸಿ.

ಅಡ್ಮಿನ್ ರವಿ, 6:20
ಶಶಿಕಲಾ ಮೇಡಂ, ಈ ಫಾರ್ವರ್ಡ್ ನಿಜ ಅಲ್ಲ. ದಯವಿಟ್ಟು ಮೇಲಿನ ಮೆಸೇಜ್ ಓದಿ 🙏

ಶಶಿಕಲಾ ಪಾರ್ಕ್ ಎದುರು, 6:24
ಅಯ್ಯೋ ಗಿರಿಜಾ, ಈಗ ನೋಡಿದೆ. ಮಗ ಹುಷಾರಾಗಿದಾನಾ? ತಿಂಡಿ ಮಾಡಬೇಡ, ನಾನು ಕಳಿಸ್ತೀನಿ.

ನಾಗರಾಜ್ ಮೇನ್ ರೋಡ್, 6:31
ನಾನು ಒಂದೇ ಪ್ರಶ್ನೆ ಕೇಳ್ತೀನಿ. ಸಿ.ಎ. ಸೈಟಲ್ಲಿ ಮಣ್ಣು ಹಾಕ್ರಿ ಅಂತ, ಪಾಯ ತೋಡ್ತಿರೋ ಆ ಕಟ್ಟಡದ ಕಂಟ್ರಾಕ್ಟರ್‌ಗೆ ಹೇಳಿದ್ದು ಯಾರು? ಹಳೇ ಕಮಿಟಿಯವರು ಉತ್ತರ ಕೊಡಲಿ.

ನಾಗರಾಜ್ ಮೇನ್ ರೋಡ್, 6:32
ಗಣಪತಿ ಪೆಂಡಾಲ್‌ಗೆ ನೀರು ನಿಲ್ಲುತ್ತೆ, ಜಾಗ ಎತ್ತರ ಮಾಡಬೇಕು ಅಂತ ಬಿಟ್ಟಿ ಮಣ್ಣು ಹೊಡಿಸ್ಕೊಂಡ್ರು. ಬಿಟ್ಟಿ ಮಣ್ಣಿನ ಬೆಲೆ ಈಗ ಗೊತ್ತಾಯ್ತಾ?

ಚಂದ್ರಪ್ಪ 1ನೇ ಕ್ರಾಸ್, 6:50
ನಾಗರಾಜ್ ಅವರೇ, ನಾಲ್ಕು ಲೋಡ್ ಹಾಕಿ ಅಂದಿದ್ದು ನಿಜ, ಹಗಲು ಹೊತ್ತಲ್ಲಿ ಅಂದಿದ್ದೂ ನಿಜ. ರಾತ್ರಿ ಒಂದು ಗಂಟೆಗೆ ಬಂದು ವೈರ್ ಹರೀರಿ ಅಂತ ಯಾವ ಕಮಿಟಿಯೂ ಹೇಳಿಲ್ಲ. ಆ ಮೀಟಿಂಗಲ್ಲಿ ತಾವೂ ಇದ್ದಿರಿ, ಮಿರ್ಚಿ ಮಂಡಕ್ಕಿ ತಿಂದು ಕೈ ಎತ್ತಿದಿರಿ.

ನಾಗರಾಜ್ ಮೇನ್ ರೋಡ್, 6:52
ನಾನು ಕೈ ಎತ್ತಿದ್ದು ಹಂಪ್ಸ್ ವಿಚಾರಕ್ಕೆ. ರೆಕಾರ್ಡ್ ತೆಗೀರಿ.

ಶಬಾನಾ 3ನೇ ಕ್ರಾಸ್, 6:58
ಇಬ್ಬರಿಗೂ ಕೈ ಮುಗಿತೀನಿ. ಎಂಟು ಗಂಟೆಗೆ ಸ್ಕೂಲ್ ವ್ಯಾನ್ ಬರುತ್ತೆ, ಅದೇ ಹೊತ್ತಿಗೆ ಕಟ್ಟಡದ ಸೈಟ್‌ನಿಂದ ಟಿಪ್ಪರ್ ರಿವರ್ಸ್‌ನಲ್ಲಿ ಹೊರಗೆ ಬರುತ್ತೆ. ಹಿಂದೆ ನಿಂತು ಕೈ ತೋರಿಸೋರು ಯಾರೂ ಇರಲ್ಲ. ಮೊನ್ನೆ ನನ್ನ ಚಿಕ್ಕವಳ ಬ್ಯಾಗ್ ಹಿಡಿದು ಎಳೆದುಕೊಂಡೆ, ಡ್ರೈವರ್‌ಗೆ ಅವಳು ಕಂಡೇ ಇರಲಿಲ್ಲ. ಇವತ್ತು ಏನು ಮಾಡೋಣ ಅಂತ ಹೇಳಿ.

ಮಂಜು 2ನೇ ಕ್ರಾಸ್, 7:10
ನಂದೂ ಒಂದು ಗಾಡಿ ಬಾಡಿಗೆಗೆ ಓಡ್ತೈತೆ, ಈ ಸೈಟಿಗಲ್ಲ. ಡ್ರೈವರ್‌ಗಳಿಗೆ ಟ್ರಿಪ್ ಲೆಕ್ಕ ಕಣ್ರಿ. ರಾತ್ರಿ ಇಷ್ಟು ಟ್ರಿಪ್ ಹೊಡೆದರೆ ಇಷ್ಟು ದುಡ್ಡು. ಬಾಡಿ ಇಳಿಯೋ ಅರ್ಧ ನಿಮಿಷ ಕಾಯೋಕೂ ಮನಸ್ಸು ಬರಲ್ಲ. ಹುಡುಗನ್ನ ಬೈದರೆ ಆಗೋದಿಲ್ಲ, ಟ್ರಿಪ್ ಲೆಕ್ಕ ಇಟ್ಟವನನ್ನ ಕೇಳ್ರಿ.

ನಾಗರಾಜ್ ಮೇನ್ ರೋಡ್, 7:12
ಬಂದ್ರು ನೋಡ್ರಿ ಟಿಪ್ಪರ್ ಮಾಲೀಕರ ಸಂಘದ ವಕೀಲರು.

ಮಂಜು 2ನೇ ಕ್ರಾಸ್, 7:13
ಅಣ್ಣಾ, ನಿಮ್ಮ ಮಹಡಿ ಕಟ್ಟೋವಾಗ ಎಂ ಸ್ಯಾಂಡ್ ಎಷ್ಟೊತ್ತಿಗೆ ಬರ್ತಿತ್ತು? ಬೀದಿ ನಿದ್ದೆಗೆಟ್ಟಾಗ ನಾನು ಒಂದು ಮಾತಾಡಿದ್ನಾ?

ಹನುಮಂತಣ್ಣ 4ನೇ ಕ್ರಾಸ್, 7:35
ತಾತ ಹೇಳಿದ್ದನ್ನ ನಾನು ಟೈಪ್ ಮಾಡ್ತಿದೀನಿ, ಮೊಮ್ಮಗಳು. ತಾತ ಕ್ವಾರಿಯಲ್ಲಿ, ಆಮೇಲೆ ಹೈವೇ ಕೆಲಸದಲ್ಲಿ ಟಿಪ್ಪರ್ ಓಡಿಸಿದವರು.

ಮಣ್ಣು ಸುರಿದ ಮೇಲೆ ಬಾಡಿ ಪೂರ್ತಿ ಚಾಸಿ ಮೇಲೆ ಕೂತ ಸದ್ದು ಕೇಳಬೇಕು, ಆಮೇಲೇ ಗೇರು. ಪಿಟಿಒ (ಬಾಡಿ ಎತ್ತೋ ಪಂಪಿಗೆ ಇಂಜಿನ್ ಬಲ ಕೊಡೋ ಗೇರು) ಬಿಡಿಸದೇ ಹೊರಟರೆ ಪಂಪು ತಿರುಗ್ತಾನೇ ಇರ್ತೈತೆ, ಇಳಿಸಿದ ಬಾಡಿ ದಾರಿಯಲ್ಲಿ ತಾನಾಗೇ ಏಳೋದೂ ಐತೆ. ಕ್ಯಾಬಿನಲ್ಲಿ ಕೂತವನಿಗೆ ಗೊತ್ತೇ ಆಗಲ್ಲ. ಅದಕ್ಕಂತಲೇ ಡ್ಯಾಶ್‌ನಲ್ಲಿ ಕೆಂಪು ಲೈಟೋ ಬಜರೋ ಕೊಟ್ಟಿರ್ತಾರೆ. ಬಜರ್ ಕಿರಿಕಿರಿ ಅಂತ ವೈರ್ ಕಿತ್ತಿಡೋ ಹುಡುಗರನ್ನ ನಾನು ಬೇಕಾದಷ್ಟು ನೋಡೀನಿ.

11 ಕೆ.ವಿ. (11,000 ವೋಲ್ಟಿನ) ಲೈನ್ ರಸ್ತೆ ದಾಟೋ ಕಡೆ ನೆಲದಿಂದ ಕನಿಷ್ಠ 6.1 ಮೀಟರ್ ಇರಬೇಕು ಅಂತ ನಿಯಮ, ಮನೆಗಳಿಗೆ ಹೋಗೋ ಲೈನಿಗೆ 5.8. ಹತ್ತು ಚಕ್ರದ ಗಾಡಿ ಪೂರ್ತಿ ಎತ್ತಿದರೆ ತುದಿ ಸಲೀಸಾಗಿ ಅಲ್ಲಿಗೆ ಮುಟ್ತೈತೆ. ರಾತ್ರಿ ಹರಿದದ್ದು ಮನೆ ಲೈನ್. ಅದೇ ಕಂಬದ ಮೇಲೆ ಇನ್ನೊಂದು ಲೈನ್ ಐತೆ, ಕತ್ತೆತ್ತಿ ನೋಡ್ರಿ.

ಗಿರಿಜಾ 3ನೇ ಕ್ರಾಸ್, 7:41
ಅಣ್ಣಾ, ಟಿಪ್ಪರ್ ಅಲ್ಲೇ ವೈರಿಗೆ ಸಿಕ್ಕಿ ನಿಂತಿದ್ರೆ ನಾವು ಏನು ಮಾಡಬೇಕಿತ್ತು? ನಾನು ಓಡಿ ಹೋಗಿ ಡ್ರೈವರ್ ಬಾಗಿಲು ಬಡಿಯೋಳೇ ಇದ್ದೆ.

ಹನುಮಂತಣ್ಣ 4ನೇ ಕ್ರಾಸ್, 7:49
ಹತ್ತಿರ ಹೋಗಲೇಬಾರದು ತಾಯಿ. ಗಾಡಿ ಸುತ್ತ ನೆಲದಲ್ಲೂ ಕರೆಂಟ್ ಹರಡಿರ್ತೈತೆ. ಮೂವತ್ತು ಅಡಿಗಿಂತ ದೂರ ನಿಂತು ಕೂಗಿ ಹೇಳಬೇಕು, 1912ಕ್ಕೆ, 112ಕ್ಕೆ ಫೋನ್ ಮಾಡಬೇಕು. ಡ್ರೈವರ್ ಕ್ಯಾಬಿನಲ್ಲೇ ಕೂರಬೇಕು, ಅದೇ ಅವನಿಗೆ ಕ್ಷೇಮ. ಬೆಂಕಿ ಹತ್ತಿಕೊಂಡರೆ ಮಾತ್ರ ಎರಡೂ ಕಾಲು ಜೋಡಿಸಿ ದೂರಕ್ಕೆ ಹಾರಬೇಕು. ಒಂದು ಕೈ ಗಾಡಿ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟನೋ, ಹೋದ. ಹಾರಿದ ಮೇಲೂ ದೊಡ್ಡ ಹೆಜ್ಜೆ ಹಾಕಬಾರದು, ಪಾದ ಎತ್ತದೇ ಜಾರಿಸ್ಕೊಂಡು ಬರಬೇಕು. ನಮ್ಮ ಜೊತೆಗಿದ್ದ ಒಬ್ಬ ಕ್ಲೀನರ್ ಇಳಿಯೋವಾಗ ಹಿಡಿಕೆ ಹಿಡಿದುಕೊಂಡೇ ಇಳಿದ. ಅವನ ಮದುವೆ ಗೊತ್ತಾಗಿತ್ತು.

ಶಬಾನಾ 3ನೇ ಕ್ರಾಸ್, 7:52
😔

ನಾಗರಾಜ್ ಮೇನ್ ರೋಡ್, 7:53
ಹನುಮಂತಣ್ಣಾ, ಎಲ್ಲ ಸರಿ. ಆದ್ರೆ ಮೂಲ ವಿಚಾರ ಬಿಡಬಾರದು. ಸಿ.ಎ. ಸೈಟ್ ಇರೋದು ಸಾರ್ವಜನಿಕರ ಉಪಯೋಗಕ್ಕೆ. ಅಲ್ಲಿ ಮಣ್ಣು ಹಾಕಿಸೋ ಅಧಿಕಾರ ಇವರಿಗೆ ಎಲ್ಲಿಂದ ಬಂತು?

ನಾಗರಾಜ್ ಮೇನ್ ರೋಡ್, 7:54
ಪಾರ್ಕ್ ಬೋರ್‌ವೆಲ್ ಲೆಕ್ಕವೂ ಇವತ್ತಿನ ತನಕ ಬಂದಿಲ್ಲ ಅಂತ ಈ ಸಂದರ್ಭದಲ್ಲಿ ನೆನಪಿಸ್ತೀನಿ.

ಚಂದ್ರಪ್ಪ 1ನೇ ಕ್ರಾಸ್, 8:03
ಬೋರ್‌ವೆಲ್ ಲೆಕ್ಕ ಅಡ್ಮಿನ್ ಹತ್ರ ಐತೆ. ಎರಡು ಸಲ ಕೊಟ್ಟೀನಿ.

ಮೇಷ್ಟ್ರು 5ನೇ ಕ್ರಾಸ್, 8:15
ಎಲ್ಲರಲ್ಲೂ ಒಂದು ವಿನಂತಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಬಳಸುವಂತಿಲ್ಲ. ಈ ಮಾತು 2010ರ ತಿದ್ದುಪಡಿಯಲ್ಲಿ ಸೇರಿದೆ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯಡಿ (2025ರಲ್ಲಿ ಅದರ ಬದಲು ಹೊಸ ಸಂಹಿತೆ ಬಂದಿದೆ) 1998ರಲ್ಲಿ ಬಂದ ಕೇಂದ್ರ ನಿಯಮಗಳಲ್ಲಿ ಮಣ್ಣು ಸಾಗಿಸುವ ವಾಹನಗಳಿಗೆ ರಿವರ್ಸ್ ಅಲಾರಂ, ಹಿಂದಿನ ದೀಪ, ಸರಿಯಾದ ಬ್ರೇಕ್ ಇರಬೇಕೆಂದು ಬರೆದಿದೆ. ಇವೆರಡನ್ನೂ ನಮೂದಿಸಿ ಅರ್ಜಿ ಬರೆಯುತ್ತೇನೆ. ಸಂಜೆಯೊಳಗೆ ಎಲ್ಲರೂ ಸಹಿ ಮಾಡಿದರೆ ನಾಳೆಯೇ ಕೊಡಬಹುದು.

ಗಿರಿಜಾ 3ನೇ ಕ್ರಾಸ್, 8:18
ಮೇಷ್ಟ್ರೇ ದಯವಿಟ್ಟು ಬರೀರಿ. ಮೊದಲನೇ ಸಹಿ ನಂದು.

ಕಿರಣ್ ಬಾಡಿಗೆ ಮನೆ, 8:20
ಸಹಿಗೆ ಬಂದವರಿಗೆ ಬೆಣ್ಣೆದೋಸೆ ಇದ್ದರೆ ಇಡೀ ಬಡಾವಣೆ ಬರುತ್ತೆ ಮೇಷ್ಟ್ರೇ 😄

ಗಿರಿಜಾ 3ನೇ ಕ್ರಾಸ್, 8:21
ಕಿರಣ್, ಇವತ್ತು ಬೇಡಪ್ಪ.

ಕಿರಣ್ ಬಾಡಿಗೆ ಮನೆ, 8:22
ಸಾರಿ ಆಂಟಿ. ನಾನೂ ಸಹಿ ಹಾಕ್ತೀನಿ.

ಮಂಜು 2ನೇ ಕ್ರಾಸ್, 8:34
ಅರ್ಜಿ ಕೊಡಿ, ಬೇಡ ಅನ್ನಲ್ಲ. ಆದ್ರೆ ಓವರ್‌ಲೋಡ್ ವಿಚಾರ ಬರೀಬೇಡ್ರಿ. ಬರೆದರೆ ಆ ಕಡೆಯವರು ಮಾತುಕತೆಗೇ ಬರಲ್ಲ.

ನಾಗರಾಜ್ ಮೇನ್ ರೋಡ್, 8:35
ಅದನ್ನೇ ಮೊದಲು ಬರೀರಿ! ಹತ್ತು ಚಕ್ರದ ಗಾಡಿಗೆ ಗಾಡಿತೂಕ ಸೇರಿ 28.5 ಟನ್ ಮಿತಿ, ಅದೂ 2018ರಲ್ಲಿ 25ರಿಂದ ಏರಿಸಿದ್ದು. ಮೇಲಾದರೆ 20,000 ದಂಡ, ಹೆಚ್ಚಿನ ಪ್ರತಿ ಟನ್‌ಗೆ 2,000. ಮಂಜು ಅವರಿಗೆ ಯಾಕೆ ಉರಿ ಅಂತ ಈಗ ಗೊತ್ತಾಯ್ತಲ್ಲ.

ಮಂಜು 2ನೇ ಕ್ರಾಸ್, 8:36
ಮರ್ಯಾದೆ ಕೊಟ್ಟು ಮಾತಾಡ್ರಿ.

(ನಾಗರಾಜ್ ಮೇನ್ ರೋಡ್ ಇವರ ಎರಡು ಮೆಸೇಜ್‌ಗಳನ್ನು ಅಡ್ಮಿನ್ ಅಳಿಸಿದ್ದಾರೆ)

ಹನುಮಂತಣ್ಣ 4ನೇ ಕ್ರಾಸ್, 9:05
ಅರ್ಜಿ ಹೋಗಿ ಬರೋ ತನಕ ಗಾಡಿ ನಿಲ್ಲಲ್ಲ. ಇವತ್ತು ಸಂಜೆ ಮೇಸ್ತ್ರಿ ಹತ್ರ ಹೋಗಿ ಕೇಳೋದು ಬೇರೆ ಐತೆ. ಗಾಡಿ ಹಿಂದಕ್ಕೆ ಬರೋವಾಗ ಒಬ್ಬ ಮನುಷ್ಯ ಬೇಕೇ ಬೇಕು, ಮೈಮೇಲೆ ಹೊಳೆಯೋ ಜಾಕೆಟ್, ಕೈಯಲ್ಲಿ ಟಾರ್ಚ್. ಅವನು ಡ್ರೈವರ್‌ನ ಕನ್ನಡಿಯಲ್ಲಿ ಕಾಣೋ ಹಂಗೆ ಪಕ್ಕಕ್ಕೆ ನಿಲ್ಲಬೇಕು, ಗಾಡಿ ಬೆನ್ನಿಗೆ ನಿಲ್ಲಬಾರದು. ಅವನು ಕನ್ನಡಿಯಿಂದ ಮರೆಯಾದ ಕ್ಷಣ ಡ್ರೈವರ್ ಬ್ರೇಕ್ ಒತ್ತಬೇಕು. ನಮಗೆ ಕಲಿಸಿದ್ದು ಇದು. ಆ ಗಾಡಿ ಚಕ್ರವೇ ಮೂರೂವರೆ ಅಡಿ ಎತ್ತರ. ಶಬಾನಾ ಮಗಳು ಅದರ ಪಕ್ಕ ನಿಂತರೆ ಚಕ್ರಕ್ಕಿಂತ ಮೇಲೆ ಕಾಣಲ್ಲ.

ಇನ್ನೊಂದು, ಈ ಎರೆಮಣ್ಣು. ಮಳೆಯಲ್ಲಿ ನೆಂದದ್ದು ಬಾಡಿ ಎತ್ತಿದರೂ ಜಾರಲ್ಲ, ಕ್ಯಾಬಿನ್ ಕಡೆ ಅಂಟಿಕೊಂಡೇ ಮೇಲಕ್ಕೆ ಹೋಗ್ತೈತೆ. ತುದಿಗೆ ಕಲ್ಲು ಕಟ್ಟಿದ ಗಳ ಎತ್ತಿ ನಿಲ್ಲಿಸಿದ ಹಂಗೆ ಆಗ್ತೈತೆ ಗಾಡಿ. ಆಗ ಒಂದು ಕಡೆ ಚಕ್ರ ಮೆತ್ತಗಿನ ನೆಲದಲ್ಲಿ ನಾಲ್ಕು ಬೆರಳು ಇಳಿದರೆ ಸಾಕು, ಪಕ್ಕಕ್ಕೆ ಮಲಗ್ತೈತೆ. ಮಣ್ಣು ಉದುರಲಿ ಅಂತ ಬಾಡಿ ಎತ್ತಿಕೊಂಡೇ ಮುಂದೆ ಹೋಗಿ ಗಕ್ಕನೆ ಬ್ರೇಕ್ ಹಾಕ್ತಾರೆ. ರಾತ್ರಿ ಆಗಿದ್ದೂ ಅದೇ ಇರಬೇಕು. ಇಳಿಸಬೇಕು, ಸಲಿಕೆಯಿಂದ ಬಿಡಿಸಬೇಕು. ಎತ್ತಿದ ಬಾಡಿ ಕೆಳಗೆ ಯಾರೂ ತೂರಬಾರದು, ರಿಪೇರಿ ಅಂದರೂ ಊರುಗೋಲು ಕೊಡದೇ ತೂರಬಾರದು.

ಶಬಾನಾ 3ನೇ ಕ್ರಾಸ್, 9:09
ಸಿ.ಎ. ಸೈಟ್ ಒಂದು ಕಡೆ ಇಳಿಜಾರು, ಆ ಕಡೆ ಗೋಡೆ ಆಚೆ ಅಂಗನವಾಡಿ.

ಹನುಮಂತಣ್ಣ 4ನೇ ಕ್ರಾಸ್, 9:14
ಅದಕ್ಕೇ ಹೇಳ್ತಿರೋದು. ಸಮ ನೆಲ ಇಲ್ಲದ ಕಡೆ ಬಾಡಿ ಎತ್ತಲೇಬಾರದು. ಕಟ್ಟಡದ ಸೈಟಿನ ಪಾಯದ ಗುಂಡಿ ಅಂಚಿಗೂ ಗಾಡಿ ಹೋಗ್ತೈತೆ. ಗುಂಡಿ ಎಷ್ಟು ಆಳವೋ ಅಷ್ಟಾದರೂ ದೂರ ನಿಲ್ಲಬೇಕು, ಅಂಚಿಗೆ ಅರ್ಧ ಚಕ್ರದ ಎತ್ತರ ಮಣ್ಣಿನ ಕಟ್ಟೆ ಹಾಕಬೇಕು. ಸಂಜೆ ಆರಕ್ಕೆ ನಾನು ಬರ್ತೀನಿ. ಇನ್ನು ನಾಲ್ಕು ಜನ ಬರ್ರಿ. ಜಗಳಕ್ಕಲ್ಲ.

ಗಿರಿಜಾ 3ನೇ ಕ್ರಾಸ್, 9:15
ನಾನು ಬರ್ತೀನಿ.

ಶಬಾನಾ 3ನೇ ಕ್ರಾಸ್, 9:15
ನಾನೂ.

ಮಂಜು 2ನೇ ಕ್ರಾಸ್, 9:22
ಮೇಸ್ತ್ರಿ ಪರಿಚಯ ಐತೆ, ಬರ್ತೀನಿ. ನಾಗರಾಜಣ್ಣ ಬಂದರೆ ನಾನು ಬರಲ್ಲ.

ನಾಗರಾಜ್ ಮೇನ್ ರೋಡ್, 9:24
ನಾನು ಬಂದೇ ಬರ್ತೀನಿ. ಇದು ಯಾರಪ್ಪನ ರಸ್ತೆನೂ ಅಲ್ಲ. ಆದ್ರೆ ಮೊದಲು ಕಮಿಟಿ ಲಿಖಿತವಾಗಿ ಜವಾಬ್ದಾರಿ ಒಪ್ಪಿಕೊಳ್ಳಲಿ, ಆಮೇಲೆ ಮೇಸ್ತ್ರಿ.

ಚಂದ್ರಪ್ಪ 1ನೇ ಕ್ರಾಸ್, 9:30
ಹಾಗಿದ್ರೆ ನಾನು ಬರೋದು ಬೇಡ. ಎಲ್ಲಾ ನೀವೇ ನೋಡ್ಕೊಳ್ಳಿ.

ಅಡ್ಮಿನ್ ರವಿ, 9:41
ಆರು ಗಂಟೆ ಕಷ್ಟ, ಹಲವರು ಅಂಗಡಿಯವರು. ಭಾನುವಾರ ಬೆಳಿಗ್ಗೆ ಪಾರ್ಕಲ್ಲಿ ಎಲ್ಲರೂ ಸೇರಿ ಒಂದೇ ಧ್ವನಿಯಲ್ಲಿ ಮಾತಾಡೋಣ ಅಂತ ಕೆಲವರು ನನಗೆ ಪರ್ಸನಲ್ ಆಗಿ ಹೇಳ್ತಿದಾರೆ. ಏನಂತೀರಿ?

ಗಿರಿಜಾ 3ನೇ ಕ್ರಾಸ್, 9:43
ಭಾನುವಾರದ ತನಕ ಎಷ್ಟು ರಾತ್ರಿ ಐತೆ ರವಿ? ಆ ವೈರ್ ಗಂಟು ಹಾಕಿ ಮತ್ತೆ ಅಲ್ಲೇ ಕಟ್ಟಿದಾರೆ, ಮೊದಲಿಗಿಂತ ಕೆಳಗೆ ಜೋತು ಬಿದ್ದೈತೆ. ಬಾಡಿ ಇಳಿಸಿದ ಗಾಡಿಗೂ ತಗುಲೋ ಹಂಗೈತೆ. ಫೋಟೋ ಹಾಕೀನಿ ನೋಡ್ರಿ.

ಶಶಿಕಲಾ ಪಾರ್ಕ್ ಎದುರು, 10:12
ಎಲ್ಲರ ಮನೆಗೂ ನಲ್ಲಿ ನೀರು ಬಂತಾ? ಇವತ್ತು ಬಿಡೋ ದಿನ, ನಮ್ಮಲ್ಲಿ ಒಂದು ಹನಿ ಇಲ್ಲ.

ಕಿರಣ್ ಬಾಡಿಗೆ ಮನೆ, 10:15
ಮೂರನೇ ಕ್ರಾಸ್ ಮೂಲೆಯಲ್ಲಿ ವಾಲ್ವ್ ಚೇಂಬರ್ ಮುಚ್ಚಳ ಒಡೆದು ನೀರು ಚರಂಡಿಗೆ ಹೋಗ್ತಿದೆ. ಟೈರ್ ಗುರುತು ಅದರ ಮೇಲೇ ಇದೆ. ರಾತ್ರಿ ಅದೇ ಗಾಡಿ ಹತ್ತಿರಬೇಕು.

ನಾಗರಾಜ್ ಮೇನ್ ರೋಡ್, 10:17
ಆ ಚೇಂಬರ್ ಕಟ್ಟಿಸಿದ್ದು ಯಾರ ಅವಧಿಯಲ್ಲಿ?

ಶಶಿಕಲಾ ಪಾರ್ಕ್ ಎದುರು, 10:19
ಅದು ಬಿಡಿ, ನಾಳೆ ನಮ್ಮ ಮನೆಯಲ್ಲಿ ಸೀಮಂತ. ಸಂಪು ತಳ ಕಂಡೈತೆ.

ಅಡ್ಮಿನ್ ರವಿ, 10:26
ನೀರಿನವರಿಗೆ ಹೇಳೀನಿ, ರಿಪೇರಿ ನಾಳೆ ಆಗಬಹುದು. ಟ್ಯಾಂಕರ್ ಬೇಕಾದವರು ಹೆಸರು, ಕ್ರಾಸ್ ನಂಬರ್ ಹಾಕಿ. ಆರು ಮನೆ ಸೇರಿದರೆ ಒಂದು ದೊಡ್ಡ ಟ್ಯಾಂಕರ್ ತರಿಸ್ತೀನಿ.

ಕಿರಣ್ ಬಾಡಿಗೆ ಮನೆ, 10:27
ನಮ್ಮದು, 3ನೇ ಕ್ರಾಸ್.

ಚಂದ್ರಪ್ಪ 1ನೇ ಕ್ರಾಸ್, 10:28
ನಮ್ಮದೂ ಸೇರಿಸಿ.

ಮಂಜು 2ನೇ ಕ್ರಾಸ್, 10:28
2ನೇ ಕ್ರಾಸ್, ಎರಡು ಮನೆ.

ನಾಗರಾಜ್ ಮೇನ್ ರೋಡ್, 10:29
ಮೇನ್ ರೋಡ್. ನಮ್ಮ ಮನೆಗೆ ಮೊದಲು ಬರಲಿ, ಆಮೇಲೆ ಒಳಗೆ ಹೋಗಲಿ.

ಮೇಷ್ಟ್ರು 5ನೇ ಕ್ರಾಸ್, 11:05
ಅರ್ಜಿ ಬರೆದಾಗಿದೆ. ಮಧ್ಯಾಹ್ನ ಮೂರರಿಂದ ನಮ್ಮ ಮನೆಯಲ್ಲಿ ಇರುತ್ತದೆ, ಬಂದು ಸಹಿ ಮಾಡಿ. ನೀರಿನ ವಿಚಾರವನ್ನೂ ಸೇರಿಸಬೇಕೆಂದು ಐದಾರು ಜನ ಫೋನ್ ಮಾಡಿದರು, ಹಾಗಾಗಿ ಅದನ್ನು ಮೊದಲ ಅಂಶವಾಗಿ ಹಾಕಿದ್ದೇನೆ.

ಹನುಮಂತಣ್ಣ 4ನೇ ಕ್ರಾಸ್, ಸಂಜೆ 5:50
ತಾತ ಸೈಟ್ ಗೇಟ್ ಹತ್ರ ಹೋಗಿದಾರೆ. ಗಿರಿಜಾ ಆಂಟಿ, ಶಬಾನಾ ಆಂಟಿ ಜೊತೆಗಿದಾರೆ. ಬೇರೆ ಯಾರು ಬರ್ತಿದೀರಿ?

ಅಡ್ಮಿನ್ ರವಿ, 6:02
ಟ್ಯಾಂಕರ್ ಮೇನ್ ರೋಡಿಗೆ ಬಂತು. ಪೈಪ್ ಇರೋರು ತನ್ನಿ.

ಶಬಾನಾ 3ನೇ ಕ್ರಾಸ್, 6:38
ಮೇಸ್ತ್ರಿ ಸಿಕ್ಕರು. ರಿವರ್ಸ್‌ಗೆ ಒಬ್ಬ ಹುಡುಗನ್ನ ನಿಲ್ಲಿಸ್ತೀನಿ ಅಂದ್ರು, ಜಾಕೆಟ್ ಇಲ್ಲ ಅಂದ್ರು. ನಮ್ಮ ಮನೆಯವರದ್ದು ಒಂದಿದೆ, ಕೊಟ್ಟು ಬಂದೆ. ರಾತ್ರಿ ಗಾಡಿ ನಿಲ್ಲಿಸೋ ಮಾತು ಸಾಹೇಬರನ್ನ ಕೇಳಬೇಕಂತೆ.

ಶಶಿಕಲಾ ಪಾರ್ಕ್ ಎದುರು, 6:45
ರವಿ, ನಮ್ಮ ಸಂಪಿಗೆ ಅರ್ಧಾನೇ ಬಿದ್ದಿದ್ದು. ಟ್ಯಾಂಕರ್‌ನವನನ್ನ ವಾಪಸ್ ಕಳಿಸಬೇಡ.