ಮಗಳ ಪೋಸ್ಟರಿಗೆ ಯಾರನ್ನು ಆರಿಸಲಿ? ಶುಕ್ರವಾರದೊಳಗೆ ಹೇಳಿ

ಶಿರಸಿ ಕಡೆಯವಳು, ಶಿಕಾಗೋ:
ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸು. ಫೆಬ್ರುವರಿ ಬಂತಲ್ಲ, ಬ್ಲ್ಯಾಕ್ ಹಿಸ್ಟರಿ ಮಂತ್ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಆಫ್ರಿಕಾ ಮೂಲದ ಒಬ್ಬ ಮುಖಂಡರು ತಮ್ಮ ಜನರ ಕಲೆಗೋ ಓದಿಗೋ ಏನು ಮಾಡಿದರು ಅಂತ ಪೋಸ್ಟರ್ ಮಾಡಬೇಕು. ಅರ್ಧ ಕ್ಲಾಸು ಮಾರ್ಟಿನ್ ಲೂಥರ್ ಕಿಂಗ್ ಅಂದಿದೆಯಂತೆ. ಇವಳು ಮಾತ್ರ "ಅಮ್ಮಾ, ನಿಮ್ಮೂರ ಕಡೆ ಆಫ್ರಿಕಾ ಮೂಲದ ಸಿದ್ದಿಗಳು ಇದ್ದಾರೆ ಅಂದಿದ್ದೆ ಅಲ್ವಾ, ಅವರಲ್ಲಿ ಒಬ್ಬರನ್ನು ಮಾಡಲಾ?" ಅಂದಳು. ಯಾವತ್ತೋ ಹೇಳಿದ್ದು, ನೆನಪಿಟ್ಟುಕೊಂಡಿದ್ದಾಳೆ. ನನಗೆ ಖುಷಿಯಾಯಿತು. ಅಷ್ಟರಲ್ಲಿ ವಿಡಿಯೋ ಕಾಲ್‌ನಲ್ಲಿದ್ದ ನನ್ನಪ್ಪ "ಅವ್ರನ್ನ ಎಂತಕ್ಕೆ ಕೂಸೇ? ತೋಟದ ಕೆಲಸಕ್ಕೆ ಬರ್ತಿದ್ದ ಜನ" ಅಂದುಬಿಟ್ಟರು. ಮಗಳು ನನ್ನ ಮುಖ ನೋಡಿದಳು. ನನಗೆ ಬಾಯಿ ಕಟ್ಟಿತು.
ಸಿದ್ದಿಗಳಲ್ಲಿ ಯಾರನ್ನು ಆರಿಸಲಿ? ಟೀಚರ್ ಒಪ್ಪುತ್ತಾರಾ? ಅಜ್ಜನ ಮಾತಿಗೆ ಮಗುವಿಗೆ ಏನು ಹೇಳಲಿ?

ಕಾಫಿಪುಡಿ, ನ್ಯೂಜೆರ್ಸಿ:
ಟೀಚರ್ ಒಪ್ಪುತ್ತಾರೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ಇತಿಹಾಸಕ್ಕೇ ಮೀಸಲಾದ ಶೋಂಬರ್ಗ್ ಸೆಂಟರ್ ಇದೆ, ಅಲ್ಲಿ 2013ರಲ್ಲಿ ಭಾರತದ ಆಫ್ರಿಕನ್ನರ ಬಗ್ಗೆಯೇ ಒಂದು ಪ್ರದರ್ಶನ ಇಟ್ಟಿದ್ದರು. ಅದನ್ನು ತೋರಿಸಿ. ಹೀರಾಬಾಯಿ ಲೋಬಿ ಸರಿಯಾಗುತ್ತಾರೆ. ಗುಜರಾತಿನ ಜಂಬೂರಿನವರು. ಸಿದ್ದಿ ಮಕ್ಕಳಿಗೆ ಬಾಲವಾಡಿ ಮಾಡಿಸಿದರು. 2023ರಲ್ಲಿ ಪದ್ಮಶ್ರೀ ಬಂತು. ನಮ್ಮ ಕಡೆಯವರೇ ಬೇಕು ಅಂದರೆ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣವಾದರು. ಸಿದ್ದಿಗಳಲ್ಲಿ ಮೊದಲ ಶಾಸಕರು ಅವರೇ.

ಮೈಸೂರು ಮಾವ, ಡಲ್ಲಾಸ್:
ತಪ್ಪು ತಿಳಿಯಬೇಡಿ, ನೇರವಾಗಿ ಹೇಳ್ತೀನಿ. ಮೊದಲು ನಮ್ಮವರನ್ನು ಕಲಿಸಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕುವೆಂಪು ಯಾರು ಅಂತ ಗೊತ್ತಿಲ್ಲ, ಬೇಂದ್ರೆ ಗೊತ್ತಿಲ್ಲ. ಸ್ಕೂಲಿನವರು ಕೊಟ್ಟಿದ್ದಕ್ಕೆಲ್ಲ ತಲೆ ಆಡಿಸುತ್ತಾ ಹೋದರೆ ಕೊನೆಗೆ ನಮ್ಮದು ಅಂತ ಏನೂ ಉಳಿಯಲ್ಲ. ನಾನು ಬಂದಾಗ ಈ ಊರಲ್ಲಿ ಕನ್ನಡದವರ ಮನೆ ಏಳೇ ಏಳು. ಇಡ್ಲಿ ಪಾತ್ರೆ ಒಂದೇ, ಅದೇ ಏಳೂ ಮನೆ ಸುತ್ತುತ್ತಿತ್ತು. ಆದರೂ ಮಕ್ಕಳಿಗೆ ಕನ್ನಡ ಬಿಡಿಸಲಿಲ್ಲ. ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸಿ. ಎಲ್ಲಾ ಅದರಿಂದ ಸರಿಹೋಗುತ್ತೆ.

ಹುಬ್ಬಳ್ಳಿ ಮಂದಿ, ಲಂಡನ್:
ಏನ್ರೀ ಸರ, ಸಿದ್ದಿಗಳು ನಮ್ಮವರಲ್ಲೇನು? ಹಳಿಯಾಳ, ಮುಂಡಗೋಡ, ಕಲಘಟಗಿ ಕಡೆ ಹೋಗಿ ನೋಡ್ರಿ. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದರು, ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. ಎಷ್ಟು ತಲೆಮಾರು ಆತು! ನೀವು ಹೊಳೆ ದಾಟಿ ಹೋದವರು, ಅವರು ಅಲ್ಲೇ ಇದ್ದಾರೆ.

ಮೈಸೂರು ಮಾವ, ಡಲ್ಲಾಸ್:
ನಾನು ಜಾತಿ ಮಾತಾಡಲಿಲ್ಲ. ಭಾಷೆ ಮಾತಾಡಿದೆ. ತಿರುಚಬೇಡಿ.

ಹುಬ್ಬಳ್ಳಿ ಮಂದಿ, ಲಂಡನ್:
ಭಾಷೆನ ಮಾತಾಡೋಣ. ಮಂಚಿಕೇರಿಯಲ್ಲಿ ನೀನಾಸಂನವರು ಸಿದ್ದಿಗಳನ್ನೇ ಕಟ್ಟಿಕೊಂಡು ನಾಟಕ ಮಾಡಿಸಿದ್ದರು. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯಿಂದ ಮಾಡಿದ್ದು. ಆಫ್ರಿಕಾದ ಕಥೆ, ಆಡಿದ್ದು ಕನ್ನಡದಾಗ. ಇನ್ನೆಂಥ ಕನ್ನಡ ಬೇಕ್ರಿ ನಿಮಗ?

ಮೈಸೂರು ಮಾವ, ಡಲ್ಲಾಸ್:
ಒಂದು ನಾಟಕದಿಂದ ಮಕ್ಕಳಿಗೆ ಒತ್ತಕ್ಷರ ಬರಲ್ಲ.

(ಇಲ್ಲಿಂದ ಹನ್ನೊಂದು ಉತ್ತರ ಒತ್ತಕ್ಷರದ ಮೇಲೇ. ಒಬ್ಬರು ತಮ್ಮ ಮಗಳ ರಂಗಪ್ರವೇಶದ ಫೋಟೋ ಕೂಡ ಹಾಕಿದ್ದಾರೆ.)

ಸುಮ್ನೆ ಓದುವವನು, ಅಟ್ಲಾಂಟಾ:
ಇಲ್ಲಿ ಯಾವತ್ತೂ ಬರೆದವನಲ್ಲ. ಮೂರು ವರ್ಷದ ಹಿಂದೆ ಮಗ ಒಬ್ಬ ಹುಡುಗಿಯನ್ನು ಮನೆಗೆ ಕರೆತಂದ. ಕಪ್ಪು ಹುಡುಗಿ, ಶಾಲೆಯಲ್ಲಿ ಸಂಗೀತ ಕಲಿಸುತ್ತಾಳೆ. ನಾನು ಊಟಕ್ಕೆ ಏಳಲಿಲ್ಲ. ತಲೆನೋವು ಅಂದೆ. ಅವಳು ಹೋಗುವಾಗ ಬಾಗಿಲ ಹತ್ತಿರ ನಿಂತು ನನಗೆ ಕನ್ನಡದಲ್ಲಿ "ನಮಸ್ಕಾರ" ಅಂದಳು. ಮಗ ಹೇಳಿಕೊಟ್ಟಿರಬೇಕು. ಈಗ ಯುಗಾದಿಗೆ ಫೋನ್ ಮಾಡುತ್ತಾನೆ, ಎರಡು ನಿಮಿಷ. ಅಜ್ಜನಿಗೆ ನೀವೇ ಹೇಳಿ ಮೇಡಂ, ಇವತ್ತೇ. ಮಗು ಎದುರಿಗೇ ಹೇಳಿ.

ಮೈಸೂರು ಮಾವ, ಡಲ್ಲಾಸ್:
ಬೇಜಾರಾಯಿತು ಸರ್. ಆದರೆ ಮಗನಿಗೆ ಚಿಕ್ಕಂದಿನಲ್ಲೇ ಕನ್ನಡ ಕ್ಲಾಸು ಹಾಕಿಸಿದ್ದಿರಾ?

ಬನವಾಸಿ ಅಕ್ಕ, ಮಿಲ್ವಾಕೀ:
ಮಾವ, ಸ್ವಲ್ಪ ಸುಮ್ಮನಿರಿ. ತಂಗೀ, ಕೇಳು. ನೀನಿರೋದು ಶಿಕಾಗೋ, ಮಾರ್ಗರೆಟ್ ಬರೋಸ್ ಊರು. ಆಕೆ ಹೈಸ್ಕೂಲ್ ಟೀಚರ್, ಕವಿ, ಚಿತ್ರ ಮಾಡುವವಳು. 1961ರಲ್ಲಿ ಗಂಡನ ಜೊತೆ ಸೇರಿ ತಮ್ಮ ಮನೆಯ ಹಾಲ್‌ನಲ್ಲೇ ಕಪ್ಪು ಜನರ ಇತಿಹಾಸದ ಮ್ಯೂಸಿಯಂ ಶುರು ಮಾಡಿದಳು. ಅದೇ ಈಗ ವಾಷಿಂಗ್ಟನ್ ಪಾರ್ಕಿನಲ್ಲಿರುವ ಡೂಸಾಬಲ್ ಮ್ಯೂಸಿಯಂ. ಶನಿವಾರ ಮಗಳನ್ನು ಕರೆದುಕೊಂಡು ಹೋಗು. ಪೋಸ್ಟರಿನ ಒಂದು ಕಡೆ ಬರೋಸ್, ಇನ್ನೊಂದು ಕಡೆ ಹೀರಾಬಾಯಿ ಇರಲಿ. ಅಂಚಿಗೆ ಬಟ್ಟೆ ತುಂಡು ಅಂಟಿಸಿ, ಸಿದ್ದಿ ಹೆಂಗಸರ ಕೌದಿ ಥರ. ಮೂಲೆಗೆ ತ್ರಿಕೋನದ ಹೂವು ಹಾಕದೆ ಅವರು ಕೌದಿ ಮುಗಿಸಲ್ಲ. ನಾಲ್ಕೂ ಮೂಲೆ ಮರೀಬೇಡ.

ಶಿರಸಿ ಕಡೆಯವಳು, ಶಿಕಾಗೋ:
ಅಕ್ಕ, ಹಾಗೇ ಮಾಡಿದೆವು. ಹಳೇ ಸೀರೆ ಒಂದು ಹೋಯಿತು. ಹೆಸರುಗಳನ್ನು ಮಗಳೇ ಕನ್ನಡದಲ್ಲಿ ಬರೆದಳು. "ಸಿದ್ದಿ"ಗೆ ದ ಒತ್ತು ಬಿಟ್ಟಿದ್ದಾಳೆ, ನಾನು ತಿದ್ದಲಿಲ್ಲ. ಟೀಚರ್ ಎರಡು ಹೆಸರಿಗೂ ಒಪ್ಪಿದರು.
ಅಪ್ಪನಿಗೆ ಫೋನ್ ಮಾಡಿದೆ. ಬೈಯಬೇಕು ಅಂತಲೇ ಮಾಡಿದ್ದು. ಮಗಳು ನನಗಿಂತ ಮೊದಲೇ ಕೇಳಿಬಿಟ್ಟಳು, ತೋಟಕ್ಕೆ ಬರ್ತಿದ್ದರಲ್ಲ ಅಜ್ಜ, ಅವರ ಹೆಸರೇನು ಅಂತ. ಇಪ್ಪತ್ತು ವರ್ಷ ಅಡಿಕೆ ಕೊಯ್ದವರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ನೆನಪಾಗ್ತಿಲ್ಲೆ ಕೂಸೇ" ಅಂದರು.

ಮೈಸೂರು ಮಾವ, ಡಲ್ಲಾಸ್:
ದ ಒತ್ತು ಬಿಟ್ಟಳಾ? ನೋಡಿ, ಅದಕ್ಕೇ ಹೇಳಿದ್ದು. ಭಾನುವಾರ ಬೆಳಿಗ್ಗೆ 10ಕ್ಕೆ, ಝೂಮ್‌ನಲ್ಲಿ. ಫೀಸು ಇಲ್ಲ.