ಇಂಡೆಮ್ನಿಟಿಗೆ ‘ನಷ್ಟ ಪರಿಹಾರ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಲಾ ಫರ್ಮ್‌ನಲ್ಲಿ ವ್ಯಾಪಾರದ ಕರಾರುಗಳನ್ನು ನೋಡುವ ವಕೀಲ. ಪೀಣ್ಯದ ಸಣ್ಣ ಕಾರ್ಖಾನೆಗಳವರು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವಾಗ ಕರಾರು ಇಂಗ್ಲಿಷಿನಲ್ಲಿರುತ್ತದೆ. ಸಹಿ ಹಾಕುವ ಮುಂಚೆ ಏನೇನು ಹೊಣೆ ಬೀಳುತ್ತದೆ ಅಂತ ಕನ್ನಡದಲ್ಲಿ ಬರೆದುಕೊಡಿ ಎನ್ನುತ್ತಾರೆ. ‘ಇಂಡೆಮ್ನಿಟಿ’, ಅಂದರೆ ಇನ್ನೊಬ್ಬರಿಗೆ ನಷ್ಟ ತಟ್ಟದಂತೆ ಹೊಣೆ ಹೊರುವ ಷರತ್ತಿನ ಹತ್ತಿರ ನಾನು ಪದಕ್ಕೆ ತಡಕಾಡುತ್ತೇನೆ.

ಸಾಮಾನ್ಯವಾಗಿ ‘ನಷ್ಟ ಪರಿಹಾರ’ ಎಂದು ಬರೆಯುತ್ತಾರೆ. ಆದರೆ ಡ್ಯಾಮೇಜಸ್‌ಗೂ, ಅಂದರೆ ಕರಾರು ಮುರಿದವರು ತುಂಬಿಕೊಡುವ ದುಡ್ಡಿಗೂ, ಅದೇ ಪದ. 1872ರ ಕರಾರು ಕಾಯ್ದೆಯಲ್ಲಿ ಇವೆರಡೂ ಬೇರೆ ಬೇರೆ. ಸೆಕ್ಷನ್ 73ರ ಡ್ಯಾಮೇಜಸ್ ಹುಟ್ಟುವುದು ಕರಾರು ಮುರಿದ ಮೇಲೆ, ಅದೂ ಅದರಿಂದ ಸಹಜವಾಗಿ ಆದ ಇಲ್ಲವೇ ಆಗಬಹುದೆಂದು ಇಬ್ಬರಿಗೂ ಮೊದಲೇ ಗೊತ್ತಿದ್ದ ನಷ್ಟಕ್ಕೆ ಮಾತ್ರ. ಸೆಕ್ಷನ್ 124ರ ಇಂಡೆಮ್ನಿಟಿ ಮೊದಲೇ ಕೊಟ್ಟ ಮಾತು: ನನ್ನಿಂದಲೋ ಬೇರೆಯವರಿಂದಲೋ ನಿಮಗೆ ನಷ್ಟ ತಟ್ಟದಂತೆ ನಾನು ನೋಡಿಕೊಳ್ಳುತ್ತೇನೆ ಅಂತ. ಕೇಸಿನ ಖರ್ಚೂ ಇದರಲ್ಲಿ ಬರುತ್ತದೆ. ಹೊಣೆ ಖಚಿತವಾಗಿದ್ದರೆ ಕೈಯಿಂದ ದುಡ್ಡು ಹೋಗುವ ತನಕ ಕಾಯಬೇಕಿಲ್ಲ ಎಂದು 1942ರಲ್ಲೇ ಬಾಂಬೆ ಹೈಕೋರ್ಟು ಹೇಳಿದೆ. ನಷ್ಟ ಆದಮೇಲೆ ಕೊಡುವ ‘ಪರಿಹಾರ’ಕ್ಕೆ ಈ ಅರ್ಥ ಹೊರಲು ಆಗುವುದಿಲ್ಲ, ಅಲ್ವಾ?

ಇನ್ನೂ ಒಂದು ತೊಡಕಿದೆ. ಬೆಳೆ ಪರಿಹಾರ, ನೆರೆ ಪರಿಹಾರ ಕೇಳಿ ಕೇಳಿ, ಪರಿಹಾರ ಅಂದರೆ ನಮಗೆ ಬರುವ ದುಡ್ಡು ಅಂತಲೇ ಜನರ ಮನಸ್ಸಿಗೆ ಬರುತ್ತದೆ. ಇಲ್ಲಿ ಕೊಡಬೇಕಾದವರು ಸಹಿ ಹಾಕುವ ಕಾರ್ಖಾನೆಯವರೇ! ‘ಜಾಮೀನು’ ಕೂಡ ಹೊಂದುವುದಿಲ್ಲ. ಅದರಲ್ಲಿ ಸಾಲಗಾರ, ಸಾಲ ಕೊಟ್ಟವನು, ಜಾಮೀನುದಾರ ಅಂತ ಮೂವರು ಬೇಕು.

ನಮ್ಮ ಕ್ರಯಪತ್ರಗಳಲ್ಲಿ ಇದೇ ಅರ್ಥದ ಸಾಲು ಹಿಂದಿನಿಂದಲೂ ಇದೆ: “ಸದರಿ ಸ್ವತ್ತಿನ ಬಗ್ಗೆ ಮುಂದೆ ಯಾವುದೇ ತಂಟೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿ ಕೊಡುತ್ತೇನೆ.” ಎಷ್ಟು ಚೆನ್ನಾಗಿದೆ ನೋಡಿ! ಯಾರ ಖರ್ಚು, ಯಾರ ಹೊಣೆ, ಎಲ್ಲ ಒಂದೇ ಉಸಿರಿನಲ್ಲಿ ಬಂತು. ಇಲ್ಲಿ ‘ಪರಿಹರಿಸು’ ಅಂದರೆ ದುಡ್ಡು ಕೊಡುವುದಲ್ಲ, ತೊಂದರೆ ನಿವಾರಿಸುವುದು. ವಿವರಣೆಯಲ್ಲಿ ನಾನು ಈ ಧಾಟಿಯನ್ನೇ ಹಿಡಿಯುತ್ತೇನೆ, ಓದಿದವರಿಗೆ ತಕ್ಷಣ ತಿಳಿಯುತ್ತದೆ.

ಆದರೆ ಷರತ್ತಿನ ತಲೆಬರಹಕ್ಕೆ ಇಡೀ ವಾಕ್ಯ ಹಾಕಲು ಆಗುವುದಿಲ್ಲ. ‘ನಷ್ಟಭರ್ತಿ’ ಪರವಾಗಿಲ್ಲ, ಆದರೂ ಅದು ತುಂಬಿಕೊಡುವುದನ್ನಷ್ಟೇ ಹೇಳುತ್ತದೆ. ನನ್ನ ಒಲವು ‘ನಷ್ಟದ ಹೊಣೆ’ ಕಡೆಗೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಪತ್ರ ಬರಹಗಾರರು ಇದಕ್ಕೆ ಏನೆಂದು ಬರೆಯುತ್ತಾರೆ? ಹಳೆಯ ಖರೀದಿ ಪತ್ರ, ಗುತ್ತಿಗೆ ಕರಾರು ಮನೆಯಲ್ಲಿದ್ದವರು ಆ ಸಾಲನ್ನು ಇದ್ದ ಹಾಗೇ ಇಲ್ಲಿ ಬರೆದು ತಿಳಿಸುತ್ತೀರಾ?