ಕಾವೇರಿ ನೀರು, ಒಳಚರಂಡಿ ಮತ್ತು ಹಳೆಯ ಮನೆಗಳು: ಬಡಾವಣೆಯ ಗುಂಪಿನ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಚಾಲನೆಗೊಂಡ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ನೀರು ಈಗ ನಮ್ಮ ಬೀದಿಯ ಕೊಳವೆಗೂ ಬಂದಿದೆ; ಯುಜಿಡಿ (ಒಳಚರಂಡಿ) ಮಾರ್ಗವೂ ಸಿದ್ಧವಾಗಿದೆ. ಮನೆಯೊಳಗಿನ ಕೆಲಸದ ಬಗ್ಗೆ ಇರುವ ಸಂದೇಹಗಳಿಗೆ ನಮ್ಮ ಸದಸ್ಯರೇ ಆಗಿರುವ ಸಾರ್ವಜನಿಕ ಆರೋಗ್ಯ ಎಂಜಿನಿಯರ್ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ವಿಷಯಕ್ಕೆ ಸೀಮಿತವಾಗಿ ಬರೆಯಿರಿ.

ಮೊದಲನೇ ಅಡ್ಡರಸ್ತೆ: ನಮಸ್ಕಾರ ಸರ್. ನಮ್ಮ ಶೌಚಗುಂಡಿ ಚೆನ್ನಾಗಿಯೇ ಇದೆ. ಸದ್ಯಕ್ಕೆ ಕಾವೇರಿ ನೀರನ್ನು ಮಾತ್ರ ಪಡೆದು, ಒಳಚರಂಡಿ ಸಂಪರ್ಕವನ್ನು ಮುಂದೆ ನೋಡಿಕೊಳ್ಳಬಹುದೇ?

ಎಂಜಿನಿಯರ್: ನಮಸ್ಕಾರ. ಮನೆಗೆ ಬರುವ ನೀರಿನಲ್ಲಿ ಸುಮಾರು ಶೇ. 80 ಭಾಗ ಕೊಳಚೆಯಾಗಿ ಹೊರಹೋಗುತ್ತದೆ ಎಂದು ಲೆಕ್ಕ ಹಿಡಿದೇ ಒಳಚರಂಡಿಯನ್ನು ವಿನ್ಯಾಸ ಮಾಡಲಾಗುತ್ತದೆ. ಟ್ಯಾಂಕರ್ ನೀರನ್ನು ಅಳೆದು ಬಳಸುತ್ತಿದ್ದ ಮನೆಗೆ ನಲ್ಲಿ ನೀರು ಬಂದ ಮೇಲೆ ಬಳಕೆ ಹೆಚ್ಚುತ್ತದೆ. ಅಷ್ಟೇ ಬೇಗ ಗುಂಡಿಯೂ ತುಂಬುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸಿಕೊಳ್ಳಿ; ಅಂಗಳವನ್ನು ಎರಡು ಸಲ ಅಗೆಯುವುದೂ ತಪ್ಪುತ್ತದೆ.

ಮೂರನೇ ಅಡ್ಡರಸ್ತೆ: ಬೋರ್‌ವೆಲ್ ಮತ್ತು ಕಾವೇರಿ ಕೊಳವೆಗಳನ್ನು ಒಂದು ವಾಲ್ವ್ ಇಟ್ಟು ಜೋಡಿಸಬಹುದು ಎಂದು ಪ್ಲಂಬರ್ ಹೇಳುತ್ತಿದ್ದಾರೆ. ಸರಿಯೇ?

ಎಂಜಿನಿಯರ್: ಸರಿಯಲ್ಲ. ವಾಲ್ವ್ ಸವೆದ ದಿನ ನಿಮ್ಮ ಬೋರ್‌ವೆಲ್ ನೀರು ಇಡೀ ಬೀದಿಯ ಕುಡಿಯುವ ನೀರಿಗೆ ಸೇರುತ್ತದೆ. ಕಾವೇರಿ ನೀರು ಸಂಪಿನೊಳಗೆ (ನೆಲದಡಿಯ ತೊಟ್ಟಿಯೊಳಗೆ) ಮೇಲಿನಿಂದ ಬೀಳಬೇಕು. ಕೊಳವೆಯ ಬಾಯಿ ಸಂಪಿನ ನೀರಿನ ಮಟ್ಟಕ್ಕಿಂತ ಯಾವಾಗಲೂ ಮೇಲಿರಬೇಕು.

ಎರಡನೇ ಅಡ್ಡರಸ್ತೆ, ತಗ್ಗಿನ ಮನೆ: ಸರ್, ನಮ್ಮದು ಹಳೆಯ ಮನೆ. ರಸ್ತೆಗೆ ಡಾಂಬರು ಹಾಕಿ ಹಾಕಿ, ಈಗ ನಮ್ಮ ನೆಲ ರಸ್ತೆಗಿಂತ ಸುಮಾರು ಒಂದೂವರೆ ಅಡಿ ಕೆಳಗಿದೆ. ಬಚ್ಚಲು ಹಿತ್ತಲ ಕಡೆ ಇದೆ, ಅಲ್ಲಿಂದ ಬೀದಿಯ ಮ್ಯಾನ್‌ಹೋಲ್‌ಗೆ 60 ಅಡಿ. ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ಗುಂಡಿ ಸಂಪಿನಿಂದ ಎಂಟೇ ಅಡಿ ದೂರದಲ್ಲಿದೆ. ನಾಳೆ ಮೇಸ್ತ್ರಿಯವರು ಬರುತ್ತಾರೆ. ಗುಂಡಿಗೆ ಒಬ್ಬ ಹುಡುಗನನ್ನು ಇಳಿಸಿ ಹಳೆಯ ಕೊಳವೆಯನ್ನು ಒಳಗಿನಿಂದ ಮುಚ್ಚಿಸುತ್ತಾರಂತೆ. ಬೇರೆ ಏನಾದರೂ ಗಮನಿಸಬೇಕೇ?

ಎಂಜಿನಿಯರ್: ಈ ಸಂದೇಶವನ್ನು ಓದಿದ ಕೂಡಲೇ ಮೇಸ್ತ್ರಿಗೆ ಫೋನ್ ಮಾಡಿ, ನಾಳೆಯ ಕೆಲಸ ಬೇಡವೆಂದು ಹೇಳಿ. ಗುಂಡಿಯೊಳಗೆ ಯಾರೂ ಇಳಿಯಕೂಡದು. ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ನಂಬಿಕೆಯಿಂದಲೇ ಸಾವುಗಳಾಗುತ್ತಿವೆ. ಹೈಡ್ರೋಜನ್ ಸಲ್ಫೈಡ್ ಕಡಿಮೆ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುವುದರಿಂದ, ವಾಸನೆ ಹೋಯಿತು ಎಂದುಕೊಂಡ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಖಾಸಗಿ ಮನೆಯಾದರೂ ವಿನಾಯಿತಿ ಇಲ್ಲ. ಒಳಚರಂಡಿ ಸಾವುಗಳಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ಹಳೆಯ ಕೊಳವೆಯನ್ನು ಗುಂಡಿಯ ಹೊರಗೆ, ಮಣ್ಣು ತೆಗೆದು, ಅಲ್ಲೇ ಕತ್ತರಿಸಿ ಮುಚ್ಚಬಹುದು. ಒಳಗಿಳಿಯುವ ಅಗತ್ಯವೇ ಇಲ್ಲ.

ಇನ್ನು ಮಟ್ಟದ ವಿಷಯ. ನಿಮ್ಮ ಮನೆಯ ನಿಜವಾದ ತೊಡಕು ಇಲ್ಲಿದೆ. ನಾಲ್ಕು ಅಂಗುಲದ ಕೊಳವೆಗೆ 40 ಅಡಿಗೆ ಒಂದು ಅಡಿ ಇಳಿಜಾರು ಬೇಕು, ಅಂದರೆ ನಿಮ್ಮ 60 ಅಡಿಗೆ ಒಂದೂವರೆ ಅಡಿ. ಬಚ್ಚಲಿನ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಬಾಗು) ಕೂರಲು ನೆಲದಿಂದ ಒಂದು ಅಡಿ ಕೆಳಗೆ ಆರಂಭಿಸಬೇಕು. ನಿಮ್ಮ ನೆಲವೇ ರಸ್ತೆಗಿಂತ ಒಂದೂವರೆ ಅಡಿ ಕೆಳಗೆ. ಮೂರನ್ನೂ ಕೂಡಿದರೆ, ಕೊಳವೆ ಮ್ಯಾನ್‌ಹೋಲ್ ಸೇರುವಾಗ ರಸ್ತೆಯ ಮಟ್ಟದಿಂದ ನಾಲ್ಕು ಅಡಿ ಆಳದಲ್ಲಿರುತ್ತದೆ. ಬೀದಿಯ ಕೊಳವೆ ಎಂಟು ಅಂಗುಲದ್ದಾಗಿದ್ದು, ನಿಮ್ಮದು ಅದರ ನೆತ್ತಿಗಿಂತ ಮೇಲೆ ಸೇರಬೇಕಾದರೆ, ಮ್ಯಾನ್‌ಹೋಲ್‌ನ ತಳ ಕನಿಷ್ಠ 4 ಅಡಿ 8 ಅಂಗುಲ ಆಳದಲ್ಲಿರಬೇಕು. ಜಲಮಂಡಳಿಯ ಸಿಬ್ಬಂದಿಯಿಂದ ಮುಚ್ಚಳ ತೆಗೆಸಿ, ಮೇಲಿನಿಂದಲೇ ಕೋಲು ಇಳಿಸಿ ಅಳೆಸಿ. ನೆಲ ಮತ್ತು ರಸ್ತೆಯ ವ್ಯತ್ಯಾಸವನ್ನು ಮೇಸ್ತ್ರಿ ಕಣ್ಣಳತೆಯಲ್ಲಿ ಹೇಳಿದ್ದರೆ ಒಪ್ಪಬೇಡಿ. ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿಯಲು ಹೇಳಿ. ಅಳತೆ ತಿಳಿಸಿದ ಮೇಲೆ ಮುಂದಿನದನ್ನು ಬರೆಯುತ್ತೇನೆ.

ನಾಲ್ಕನೇ ಅಡ್ಡರಸ್ತೆ: ಬಂದಿರುವ ಸಂದೇಶವನ್ನು ಹಂಚುತ್ತಿದ್ದೇನೆ. "ಗುಂಡಿಗೆ ಮೊದಲು ಉರಿಯುವ ದೀಪವನ್ನು ಇಳಿಸಿ; ಆರದಿದ್ದರೆ ವಿಷಗಾಳಿ ಇಲ್ಲವೆಂದು ತಿಳಿಯಿರಿ. ಬೆಲ್ಲ ಮತ್ತು ಯೀಸ್ಟ್ ಹಾಕಿದರೆ ಹೂಳು ಕರಗುತ್ತದೆ." ಎಲ್ಲರಿಗೂ ಉಪಯುಕ್ತ.

ಎಂಜಿನಿಯರ್: ದೀಪದ ಸಂದೇಶವನ್ನು ತಕ್ಷಣ ಅಳಿಸಿ. ಉರಿಯುವ ದೀಪ ಹೆಚ್ಚೆಂದರೆ ಆಮ್ಲಜನಕದ ಸುಳಿವು ಕೊಟ್ಟೀತು. ಮನುಷ್ಯನನ್ನು ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ಅದು ಆರುವುದಿಲ್ಲ. ಗುಂಡಿಯಲ್ಲಿ ಮೀಥೇನ್ ಇದ್ದರೆ ನಿಮ್ಮ ದೀಪವೇ ಸ್ಫೋಟಕ್ಕೆ ಕಿಡಿಯಾಗುತ್ತದೆ. ಬೆಲ್ಲವನ್ನು ಅಡುಗೆಮನೆಯಲ್ಲೇ ಇಡಿ.

ಬಾಡಿಗೆದಾರರು, ಮೊದಲನೇ ಅಡ್ಡರಸ್ತೆ: ಸರ್, ಸಂಪರ್ಕದ ಖರ್ಚನ್ನು ಬಾಡಿಗೆಯವರ ಮೇಲೆ ಹಾಕುವುದು ನ್ಯಾಯವೇ? ನಮ್ಮ ಮಾಲೀಕರು ಮುಂಗಡದಲ್ಲಿ ಕಡಿತ ಮಾಡುತ್ತೇನೆ ಎನ್ನುತ್ತಿದ್ದಾರೆ.

ಐದನೇ ಅಡ್ಡರಸ್ತೆ: ಗುಂಡಿಯನ್ನು ಯಾವಾಗ ಮುಚ್ಚಬೇಕು ಸರ್? ಅದನ್ನೇ ಮಳೆನೀರು ಇಂಗುಗುಂಡಿಯಾಗಿ ಮಾಡಿಕೊಳ್ಳಬಹುದೇ?

ಎಂಜಿನಿಯರ್: ಹೊಸ ಮಾರ್ಗದಲ್ಲಿ ನೀರು ಸರಾಗವಾಗಿ ಹರಿಯುವುದು ಖಾತ್ರಿಯಾದ ಮೇಲೆ ಮುಚ್ಚಬೇಕು. ಸಕ್ಕಿಂಗ್ ಯಂತ್ರದ ಲಾರಿಯಿಂದ ಪೂರ್ತಿ ಖಾಲಿ ಮಾಡಿಸಿ, ತಳಕ್ಕೆ ಕಾಂಕ್ರೀಟ್ ಇದ್ದರೆ ಮೇಲಿನಿಂದಲೇ ಒಡೆಸಿ, ಜಲ್ಲಿ ಮತ್ತು ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ಗಟ್ಟಿಸಿ ತುಂಬಿಸಬೇಕು. ಬರಿದೇ ಚಪ್ಪಡಿ ಮುಚ್ಚಿ ಬಿಟ್ಟರೆ ಮುಂದೊಂದು ದಿನ ಅದರ ಮೇಲೆ ನಿಲ್ಲಿಸಿದ ಕಾರು ಒಳಗಿರುತ್ತದೆ. ಇಂಗುಗುಂಡಿ ಮಾಡುವುದು ಬೇಡ. ಅಲ್ಲಿನ ಮಣ್ಣು ಹೊಲಸನ್ನು ಹೀರಿಕೊಂಡಿದೆ, ಅದರ ಮೂಲಕ ಇಳಿಯುವ ಮಳೆನೀರು ಅದನ್ನು ಸುತ್ತಲಿನ ಬೋರ್‌ವೆಲ್‌ಗಳಿಗೆ ಒಯ್ಯುತ್ತದೆ.

ಆರನೇ ಅಡ್ಡರಸ್ತೆ: ಗುಂಡಿ ಮುಚ್ಚುವುದು ಸಂಪರ್ಕಕ್ಕೆ ಮೊದಲೋ ಆಮೇಲೋ?

ಎಂಜಿನಿಯರ್: ಆಮೇಲೆ.

ತಗ್ಗಿನ ಮನೆ: ಸರ್, ಮೇಸ್ತ್ರಿಗೆ ಬೇಡವೆಂದೆ. ಮ್ಯಾನ್‌ಹೋಲ್ ಅಳೆಸಿದೆ, ತಳ ಐದು ಅಡಿ ಆಳದಲ್ಲಿದೆ. ನೆಲದ ವ್ಯತ್ಯಾಸ ಒಂದೂವರೆ ಅಡಿಯೇ. ಆದರೆ ಮೊನ್ನೆ ಜೋರು ಮಳೆಗೆ ಪಕ್ಕದ ಮನೆಯ ಬಚ್ಚಲಿನಲ್ಲಿ ಕೊಳಚೆ ಉಕ್ಕಿತು. ಅವರದೂ ಹೊಸ ಸಂಪರ್ಕ. ಮಾಳಿಗೆಯ ಮಳೆನೀರನ್ನೆಲ್ಲ ಮೂಲೆ ಮನೆಯವರು ಯುಜಿಡಿಗೆ ಬಿಟ್ಟಿರುವುದೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದಾರೆ.

ಮೂಲೆ ಮನೆ: ಹೆಸರು ಹೇಳದೆಯೂ ಯಾರನ್ನು ಉದ್ದೇಶಿಸಿದ್ದೀರಿ ಎಂಬುದು ಸ್ಪಷ್ಟವಾಗಿದೆ. ನಾವು ಸಂಪರ್ಕಕ್ಕೆ ಹಣ ಕಟ್ಟಿದ್ದೇವೆ. ನೀರು ಎಲ್ಲಾದರೂ ಹೋಗಲೇಬೇಕಲ್ಲ?

ಎರಡನೇ ಅಡ್ಡರಸ್ತೆ, ಪಕ್ಕದ ಮನೆ: ನಿಮ್ಮ ನೀರು ನಮ್ಮ ಬಚ್ಚಲಿಗೆ ಬರಬೇಕೆಂಬ ನಿಯಮವೇನೂ ಇಲ್ಲ ಯಜಮಾನರೇ.

ಹಳೇ ಊರಿನವರು: ಕೆರೆಗೆ ಹೋಗುತ್ತಿದ್ದ ಕಾಲುವೆಯ ಮೇಲೆ ನಿವೇಶನ ಮಾಡಿದವರು ಯಾರೆಂದು ಮೊದಲು ಕೇಳಿ. ನಮ್ಮ ಕಾಲದಲ್ಲಿ ಮಳೆನೀರು ತಾನಾಗಿ ಕೆರೆ ಸೇರುತ್ತಿತ್ತು.

ಮೂಲೆ ಮನೆ: ಆ ನಿವೇಶನಗಳನ್ನು ಮಾರಿದವರೂ ಹಳೇ ಊರಿನವರೇ ಅಲ್ಲವೇ?

ಹಳೇ ಊರಿನವರು: ಮಾತು ಮಿತಿಯಲ್ಲಿರಲಿ.

ಎಂಜಿನಿಯರ್: ಮೂಲೆ ಮನೆಯವರೇ, ಒಳಚರಂಡಿಯ ಕೊಳವೆಯನ್ನು ಮನೆಗಳ ಕೊಳಚೆಯ ಲೆಕ್ಕಕ್ಕೆ ಹಾಕಲಾಗಿದೆ. ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ, ನೂರು ಚದರ ಮೀಟರ್ ಮಾಳಿಗೆಯಿಂದ ಆ ಒಂದು ಗಂಟೆಯಲ್ಲಿ ಸುಮಾರು 5,000 ಲೀಟರ್ ಇಳಿಯುತ್ತದೆ. ಹತ್ತು ಸಂಸಾರಗಳ ಇಡೀ ದಿನದ ಕೊಳಚೆಯೂ ಅಷ್ಟಿರುವುದಿಲ್ಲ. ಹಣ ಕಟ್ಟಿದ್ದು ಕೊಳಚೆಗೆ, ಮಳೆನೀರಿಗಲ್ಲ. 2009ರಿಂದ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಿದೆ. ಕೊಳವೆಯನ್ನು ಸಂಪಿಗೋ ಇಂಗುಗುಂಡಿಗೋ ತಿರುಗಿಸಿ.

ತಗ್ಗಿನ ಮನೆಯವರಿಗೆ: ಐದು ಅಡಿ ಸಾಕು, ನಿಮ್ಮ ನೀರು ಹರಿಯುತ್ತದೆ. ಆದರೆ ಹರಿಯುವುದು ಬೇರೆ, ಹಿಮ್ಮರಳದಿರುವುದು ಬೇರೆ. ಬೀದಿಯ ಮಾರ್ಗ ಕಟ್ಟಿಕೊಂಡಾಗ ಕೊಳಚೆ ಮ್ಯಾನ್‌ಹೋಲ್ ಮುಚ್ಚಳದವರೆಗೆ, ಅಂದರೆ ರಸ್ತೆಯ ಮಟ್ಟದವರೆಗೆ ಏರಬಹುದು. ನಿಮ್ಮ ಬಚ್ಚಲು ಅದಕ್ಕಿಂತ ಒಂದೂವರೆ ಅಡಿ ಕೆಳಗಿರುವುದರಿಂದ ಮೊದಲು ಉಕ್ಕುವುದು ಅಲ್ಲಿಯೇ. ಹಿಮ್ಮರಳು ತಡೆಯುವ ವಾಲ್ವ್ ಕೂರಿಸಿದರೆ ಸಾಕು ಎಂದು ಪ್ಲಂಬರ್ ಹೇಳಬಹುದು. ಅರ್ಧ ಮಾತ್ರ ನಿಜ. ಇಡೀ ಮನೆಯ ಮಾರ್ಗಕ್ಕೆ ಒಂದೇ ವಾಲ್ವ್ ಇಟ್ಟರೆ, ಅದು ಮುಚ್ಚಿಕೊಂಡಿರುವ ಹೊತ್ತಿನಲ್ಲಿ ಮಹಡಿಯವರು ಸ್ನಾನ ಮಾಡಿದ ನೀರು ಬೀದಿಗೆ ಹೋಗಲಾರದೆ ನಿಮ್ಮ ಬಚ್ಚಲಿನಲ್ಲೇ ಮೇಲೇಳುತ್ತದೆ. ಆದ್ದರಿಂದ ಮಹಡಿಯ ಕೊಳವೆಯನ್ನು ಪ್ರತ್ಯೇಕವಾಗಿ ಹೊರಗಿನ ಚೇಂಬರಿಗೆ (ಕೊಳವೆಗಳು ಕೂಡುವ, ಮುಚ್ಚಳವಿರುವ ತೊಟ್ಟಿಗೆ) ಒಯ್ಯಿರಿ. ನೆಲಮಹಡಿಯ ಮಾರ್ಗಕ್ಕೆ ಮಾತ್ರ, ಆ ಚೇಂಬರ್ ಸೇರುವ ಮೊದಲು, ತೆರೆದು ಶುಚಿ ಮಾಡಬಹುದಾದ ಜಾಗದಲ್ಲಿ ವಾಲ್ವ್ ಇಡಿ. ಚೇಂಬರಿನ ಮುಚ್ಚಳ ರಸ್ತೆಯ ಮಟ್ಟಕ್ಕಿಂತ ಮೇಲಿರಲಿ, ಇಲ್ಲವಾದರೆ ಕೊಳಚೆ ಅಂಗಳದಲ್ಲಿ ಉಕ್ಕುತ್ತದೆ. ಸಂಪಿನ ನೀರನ್ನು ಕೋಲಿಫಾರ್ಮ್ (ಕೊಳಚೆ ಸೇರಿರುವುದರ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಕುಡಿಯುವ ನೀರನ್ನು ಕುದಿಸಿ. ಗುಂಡಿಗೂ ಸಂಪಿಗೂ ಇರುವ ಎಂಟು ಅಡಿ ಅಂತರ ನನಗೆ ಸಮಾಧಾನ ತಂದಿಲ್ಲ.

ನಾಲ್ಕನೇ ಅಡ್ಡರಸ್ತೆ: ಸಂಪಿಗೆ ತಾಮ್ರದ ತುಂಡು ಹಾಕಿದರೆ ಸಾಕಂತೆ. ಬಚ್ಚಲು ಕಟ್ಟಿಕೊಂಡರೆ ಬ್ಲೀಚಿಂಗ್ ಪೌಡರ್ ಹಾಕಿ ಮೇಲೆ ಆಸಿಡ್ ಸುರಿಯಬೇಕಂತೆ.

ಎಂಜಿನಿಯರ್: ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೆ ಎರವಾಗಬಹುದು. ತಾಮ್ರದ ತುಂಡು ಸಂಪಿಗೆ ಸೇರಿದ ಹೊಲಸನ್ನು ಹೊರಹಾಕುವುದಿಲ್ಲ. ನೀವು ಇನ್ನೊಂದು ಸಂದೇಶ ಹಂಚಿದರೆ ನಾನು ಇಲ್ಲಿ ಉತ್ತರಿಸುವುದನ್ನು ನಿಲ್ಲಿಸುತ್ತೇನೆ.

ನಾಲ್ಕನೇ ಅಡ್ಡರಸ್ತೆ: ಒಳ್ಳೆಯ ಉದ್ದೇಶದಿಂದ ಹಂಚಿದೆ. ಇಷ್ಟು ಕಟುವಾಗಿ ಹೇಳಬೇಕಾಗಿರಲಿಲ್ಲ.

ಏಳನೇ ಅಡ್ಡರಸ್ತೆ: ನೀರಿನ ಒತ್ತಡ ಕಡಿಮೆ. ಬೀದಿಯ ಕೊಳವೆಗೆ ನೇರವಾಗಿ ಮೋಟಾರ್ ಹಾಕಬಹುದೇ?

ಎಂಜಿನಿಯರ್: ಕೂಡದು. ನಿಮ್ಮ ಮೋಟಾರ್ ಎಳೆದಾಗ ಕೊಳವೆಯ ಬಿರುಕುಗಳಿಂದ ಸುತ್ತಲಿನ ಕೊಳಚೆಯೂ ಒಳಬರುತ್ತದೆ.

ಮೂಲೆ ಮನೆ: ನಮ್ಮ ಮಳೆನೀರಿನ ಕೊಳವೆಯನ್ನು ತಿರುಗಿಸಲು ಒಪ್ಪುತ್ತೇವೆ. ಆದರೆ ಎರಡನೇ ಅಡ್ಡರಸ್ತೆಯಲ್ಲಿ ಇನ್ನೂ ಎಷ್ಟು ಮನೆಯವರು ಹೀಗೆಯೇ ಮಾಡಿದ್ದಾರೆ ಎಂಬುದನ್ನೂ ನಿರ್ವಾಹಕರು ನೋಡಲಿ.

ಪಕ್ಕದ ಮನೆ: ಮೊದಲು ನಿಮ್ಮದನ್ನು ತಿರುಗಿಸಿ, ಆಮೇಲೆ ಎಣಿಸೋಣ.

ಬಾಡಿಗೆದಾರರು, ಮೊದಲನೇ ಅಡ್ಡರಸ್ತೆ: ನನ್ನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ಎಂಟನೇ ಅಡ್ಡರಸ್ತೆ: ಸರ್, ಹಳೆಯ ಗುಂಡಿಯನ್ನು ಏನು ಮಾಡಬೇಕು?

ಎಂಜಿನಿಯರ್: ಮೇಲೆ ಐದನೇ ಅಡ್ಡರಸ್ತೆಯವರಿಗೆ ಬರೆದಿದ್ದೇನೆ, ಓದಿಕೊಳ್ಳಿ. ತಗ್ಗಿನ ಮನೆಯವರು ಕೊಳವೆಗೆ ಮಣ್ಣು ಮುಚ್ಚುವ ಮೊದಲು ಮಹಡಿಯಿಂದ ಒಂದು ಬಕೆಟ್ ನೀರು ಸುರಿಸಿ, ಅದು ಹೊರಗಿನ ಚೇಂಬರಿಗೇ ಬಂದು ಬೀಳುತ್ತದೆಯೇ ಎಂದು ನೋಡಿ ತಿಳಿಸಿ.